ನಲವತ್ತೆಂಟು ಅಂಕಿ

ನಮ್ಮ ಅಂಗಡಿಯ ಕಂಪ್ಯೂಟರಿನ ಪಿನ್ ನಂಬರು ಕಂಪ್ಲಿ ಪೇಟೆಯ ಅರ್ಧ ಜನಕ್ಕೆ ಗೊತ್ತಿತ್ತು. ಅದು ಉಜ್ಜಿನಪ್ಪಣ್ಣನ ಸ್ಕೂಟರಿನ ನಂಬರು. ಸ್ಕೂಟರು ದಿನವಿಡೀ ಅಂಗಡಿಯ ಮುಂದೆಯೇ ನಿಂತಿರುತ್ತದೆ. ಕರೆಂಟ್ ಹೋಗಿ ಬಂದಾಗ ನಾನು ಕೀಬೋರ್ಡಿಗೆ ಕೈ ಹಾಕುವ ಮೊದಲೇ ಬೆಂಚಿನ ಮೇಲೆ ಕುಳಿತವರು ಯಾರಾದರೂ "ನಾಕು ಒಂದು ಆರು ಎರಡು" ಎಂದು ಕೂಗುತ್ತಿದ್ದರು. ಕೂಗಿದವರ ಮುಖದಲ್ಲಿ ಉಪಕಾರ ಮಾಡಿದ ಸಂತೋಷ. ನಾನು ಅದನ್ನೇ ಒತ್ತುತ್ತಿದ್ದೆ. ನನಗೆ ನಾಲ್ಕು ಜನರ ಮುಂದೆ ಮಾತು ಹೊರಡುವುದಿಲ್ಲ.

ಝೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಅರ್ಜಿ ತುಂಬುವುದು, ಮದುವೆ ಕಾರ್ಡು, ತಹಶೀಲ್ದಾರರಿಗೆ ಮನವಿ, ಇವು ನಮ್ಮ ಕೆಲಸ. ಅಂಗಡಿ ಉಜ್ಜಿನಪ್ಪಣ್ಣನದು. ಅವರಿಗೆ ಕಂಪ್ಯೂಟರ್ ಬರುವುದಿಲ್ಲ. ಹೊರಗಿನ ಕುರ್ಚಿಯಲ್ಲಿ ಕುಳಿತು ಜನರನ್ನು ಮಾತಾಡಿಸುತ್ತಾರೆ. ಒಳಗಿನ ಕುರ್ಚಿ ನನ್ನದು. ಅವ್ವ ಬಾಳೆಗೊನೆ ಹೊರುವಾಗ ಬಿದ್ದು ಬೆನ್ನು ಹಿಡಿದುಕೊಂಡ ವರ್ಷ ನಾನು ಒಂಬತ್ತನೇ ತರಗತಿ ಬಿಟ್ಟು ಅವಳ ಬದಲಿಗೆ ತೋಟಕ್ಕೆ ಹೋದೆ. ಮೂರು ವರ್ಷ ಗೊನೆ ಹೊತ್ತೆ. ಆಮೇಲೆ ಈ ಅಂಗಡಿಯಲ್ಲಿ ಕಸ ಗುಡಿಸಲು ಸೇರಿದೆ. ಗುಡಿಸುತ್ತಲೇ ಆಗ ಇಲ್ಲಿದ್ದ ಶಾಂಭವಿಯ ಬೆರಳುಗಳನ್ನು ನೋಡುತ್ತಿದ್ದೆ. ಯಾವ ಕೀ ಒತ್ತಿದರೆ ಯಾವ ಅಕ್ಷರ ಬರುತ್ತದೆಂದು ನೋಡಿಯೇ ಕಲಿತೆ.

ಶಾಂಭವಿ ಗಿರಾಕಿಗಳ ಪಾಸ್‌ವರ್ಡುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಜನ ಮರೆಯುತ್ತಾರೆ, ಮರೆತು ಬಂದು ಇವಳನ್ನೇ ಕೇಳುತ್ತಾರೆ, ಅದಕ್ಕೆ. ಆ ಪುಸ್ತಕ ಒಂದು ದಿನ ಯಾರದೋ ಕೈಗೆ ಸಿಕ್ಕಿತು. ಊರಲ್ಲಿ ಮಾತಾಯಿತು. ಅವಳನ್ನು ಕೆಲಸದಿಂದ ಬಿಡಿಸಿದರು. ನನ್ನನ್ನು ಅವಳ ಕುರ್ಚಿಯಲ್ಲಿ ಕೂರಿಸುವಾಗ ಉಜ್ಜಿನಪ್ಪಣ್ಣ ಹೇಳಿದ್ದು ಒಂದೇ ಮಾತು.

"ಎರ್ರೆಮ್ಮ, ಬರ್ಕೊಳ್ಳೋ ಚಟ ಇದ್ರ ಈಗ್ಲೇ ಹೇಳು. ಮಂದಿ ಗುಟ್ಟು ಬರ್ಕೊಂಡಿದ್ದು ಕಂಡ್ರ ಆವತ್ತ ನಿನ್ನ ಕಡೀ ದಿನ."

"ಇಲ್ರಿ ಅಣ್ಣಾರೆ" ಎಂದಿದ್ದೆ.

ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಅವರ ಅಕ್ಕನ ಮಗ ಮನೋಹರ್ ಬಂದ. ಸಂಡೂರಿನಲ್ಲಿ ಒಂದು ಗಣಿ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಕೊರಳಲ್ಲಿ ಐಡಿ ಕಾರ್ಡು ಭಾನುವಾರವೂ ಇರುತ್ತದೆ.

"ಮಾವ, ಹಳೇ ವಿಂಡೋಸ್‌ಗೆ ಅಕ್ಟೋಬರ್ ಹದಿನಾಕಕ್ಕ ಕಂಪನಿಯೋರು ಕೈ ಬಿಡ್ತಾರ. ಆಮ್ಯಾಲೆ ಹೊಸಾ ವೈರಸ್ ಬಂದ್ರ ತಡಿಯೋರು ಇರಂಗಿಲ್ಲ. ಹೊಸಾದು, ವಿಂಡೋಸ್ ಹನ್ನೊಂದು ಹಾಕ್ತೀನಿ."

"ನಡ್ಯೋ ಎತ್ತಿಗೆ ಹೊಸಾ ಕಾಲು ಯಾಕ್ ಹಚ್ತೀಯೋ?"

"ಎತ್ತಲ್ಲ ಮಾವ ಇದು, ಅಲ್ಮಾರಿ. ಊರ ಮಂದಿ ಆಧಾರೆಲ್ಲ ಇದರಾಗ ಐತಿ. ಯಾರಾರ ಹೊತ್ಕೊಂಡ್ ಹೋದ್ರ?"

"ಯಾರ್ ಹೊರ್ತಾರೋ ಇದನ್ನ? ನಾನ ಎತ್ತಾಕ ಹೋದ್ರ ನಡ ಹಿಡ್ಕಂತೈತಿ."

ಅಷ್ಟರಲ್ಲಿ ಮನೋಹರ್ ಕುರ್ಚಿಯಲ್ಲಿ ಕುಳಿತಾಗಿತ್ತು. ನಾನು ಝೆರಾಕ್ಸ್ ಯಂತ್ರದ ಪಕ್ಕ ನಿಂತು ನೋಡಿದೆ. ಕಂಪ್ಯೂಟರ್ ಹೊಸದನ್ನು ಒಪ್ಪುವುದಿಲ್ಲ ಎಂದಿತು. ಅವನು ಅದನ್ನು ನಿಲ್ಲಿಸಿ, ಮತ್ತೆ ಶುರು ಮಾಡಿ, ಶುರುವಾಗುವ ಹೊತ್ತಿಗೆ ಒಂದು ಕೀಯನ್ನು ಪಟಪಟ ಒತ್ತಿ, ನಾನು ಎಂದೂ ನೋಡದ ಪುಟವೊಂದಕ್ಕೆ ಹೋಗಿ ಏನನ್ನೋ ಆನ್ ಮಾಡಿದ. ಆಮೇಲೆ ಒಪ್ಪಿತು. ಮೂರು ತಾಸು ಹಿಡಿಯಿತು. ಕೊನೆಗೆ ಇಡೀ ಡಿಸ್ಕಿಗೆ ಬೀಗ ಹಾಕಿದ. ಡಿಸ್ಕನ್ನು ಕದ್ದೊಯ್ದು ಬೇರೆ ಕಡೆ ಹಾಕಿದರೂ ಒಂದು ಅಕ್ಷರ ಓದಲು ಬರುವುದಿಲ್ಲವಂತೆ. ಬೀಗದ ಕೀಲಿಯನ್ನು ಪ್ರಿಂಟ್ ತೆಗೆದ. ಆರಾರು ಅಂಕಿಯ ಎಂಟು ಗುಂಪು. ನಲವತ್ತೆಂಟು ಅಂಕಿ.

"ಮಾವ, ಇದು ಕಂಪ್ಯೂಟರಿನ ಜೀವ. ಯಾವತ್ತಾರ ಕೇಳಿದ್ರ ಇದನ್ನ ಕೊಡಬೇಕು. ಭದ್ರ ಇಡು. ಯಾರೂ ಎಲ್ಲೂ ಬರ್ಕೊಳ್ಳಂಗಿಲ್ಲ" ಎಂದು ನನ್ನ ಕಡೆ ನೋಡಿ ಹೇಳಿದ. "ತಿಳೀತೇನಮ್ಮ?"

ತಲೆಯಾಡಿಸಿದೆ.

ಉಜ್ಜಿನಪ್ಪಣ್ಣನ ಪ್ರಕಾರ ಭದ್ರವಾದ ಜಾಗ ಒಂದೇ. ಅಂಗಡಿಯ ಮೂಲೆಯ ಗೂಡಿನಲ್ಲಿರುವ ಬಸವಣ್ಣನ ಫೋಟೋದ ಕೆಳಗೆ. ಅಲ್ಲಿಟ್ಟು ಕೈ ಮುಗಿದರು.

ಮಾರನೆಯ ದಿನದಿಂದ ನನಗೆ ಶುರುವಾಯಿತು. ಪರದೆಯ ಎಡಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ನಡುವಿಗೆ ಬಂದಿತ್ತು, ನನ್ನ ಕೈ ದಿನಕ್ಕೆ ನೂರು ಸಲ ಖಾಲಿ ಮೂಲೆಗೆ ಹೋಗುತ್ತಿತ್ತು. ಪ್ರಿಂಟರ್ ಇದ್ದರೂ ಇಲ್ಲ ಎನ್ನುತ್ತಿತ್ತು. ಗಿರಾಕಿಯ ಪೆನ್‌ಡ್ರೈವ್ ಹಾಕಿದರೆ ವೈರಸ್ ಇದೆ ಎಂದು ಫೈಲನ್ನೇ ಅಳಿಸಿ ಹಾಕುತ್ತಿತ್ತು, ಗಿರಾಕಿ ನನ್ನನ್ನು ಬೈಯುತ್ತಿದ್ದ. ಕಾರ್ಡು ಬರೆಯುವ ಹಳೆಯ ಕನ್ನಡ ಅಕ್ಷರಗಳು ಎರಡು ದಿನ ಕಾಗೆಯ ಕಾಲಿನಂತೆ ಕಂಡವು. ನಾನೇ ಹುಡುಕಿ ಸರಿ ಮಾಡಿಕೊಂಡೆ. ಇಷ್ಟೆಲ್ಲ ಕಾವಲು ಹಾಕಿದ ಮೇಲೂ ಪಿನ್ ಮಾತ್ರ ಅದೇ ಸ್ಕೂಟರಿನ ನಂಬರು. ಬದಲಿಸೋಣ ಎಂದು ಹೇಳಬೇಕೆಂದು ಎರಡು ಸಲ ಎದ್ದೆ. ಎರಡು ಸಲವೂ ನೀರು ಕುಡಿದು ಬಂದು ಕುಳಿತೆ.

ಆ ಕಾಗದ ನನ್ನ ಕುರ್ಚಿಯಿಂದ ಕಾಣುತ್ತಿತ್ತು. ಗೂಡಿನಲ್ಲಿ ದಿನಾ ಎಣ್ಣೆ ದೀಪ ಹಚ್ಚುತ್ತೇವೆ. ಹತ್ತು ದಿನಕ್ಕೆ ಕಾಗದದ ತುದಿ ಪಾರದರ್ಶಕವಾಯಿತು. ಮತ್ತೆರಡು ದಿನಕ್ಕೆ ಎಣ್ಣೆ ಐದನೇ ಗುಂಪಿನ ತನಕ ಬಂತು. ಒಂದು ಅಂಕಿ ಮೂರೋ ಎಂಟೋ ತಿಳಿಯದಂತಾಯಿತು. ಎಣ್ಣೆ ಅಂಕಿಗಳನ್ನು ಒಂದೊಂದಾಗಿ ತಿನ್ನುತ್ತಿದೆ, ನಾನು ನೋಡುತ್ತ ಕುಳಿತಿದ್ದೇನೆ. ಉಜ್ಜಿನಪ್ಪಣ್ಣ ಊಟಕ್ಕೆ ಹೋದಾಗ ಕಾಗದ ತೆಗೆದು, ನನ್ನ ಚೀಲದಲ್ಲಿದ್ದ ಒಂಬತ್ತನೇ ತರಗತಿಯ ವಿಜ್ಞಾನದ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಚಿತ್ರ ಬಿಡಿಸಿದ ಹಾಳೆಯ ಹಿಂದೆ ಖಾಲಿ ಇತ್ತು. ಮೂರು ಬರೆದು, ಅದರ ಮೇಲೆ ಸಣ್ಣದಾಗಿ ಎಂಟು ಬರೆದೆ. ಕಾಗದವನ್ನು ಮೊದಲಿದ್ದಂತೆಯೇ ಇಟ್ಟೆ. ಕದ್ದಿದ್ದೇನೆ ಅನಿಸಿತು, ಯಾಕೆಂದರೆ ಶಾಂಭವಿಯೂ ಇದನ್ನೇ ಮಾಡಿದ್ದು.

ಆಯುಧ ಪೂಜೆಯ ದಿನ ಮರುಳಸಿದ್ದಮ್ಮ, ಉಜ್ಜಿನಪ್ಪಣ್ಣನ ಹೆಂಡತಿ, ಬುಟ್ಟಿ ತುಂಬ ಚೆಂಡುಹೂ ತಂದರು. ಕಂಪ್ಯೂಟರಿಗೆ ಮೂರು ಬೆರಳಿನ ವಿಭೂತಿ ಎಳೆದರು. ಕತ್ತರಿ, ಸ್ಟೇಪ್ಲರ್, ಝೆರಾಕ್ಸ್ ಯಂತ್ರ ಎಲ್ಲಕ್ಕೂ ಕುಂಕುಮ. ಕರೆಂಟಿನ ಮೇನ್ ಆಫ್ ಮಾಡಿಸಿದರು. ಪೂಜೆಗಿಟ್ಟ ಆಯುಧ ಎರಡು ದಿನ ದುಡಿಯಬಾರದು. ನಾನು ಹೂ ಪೋಣಿಸುತ್ತಿದ್ದೆ.

"ಜೀವ ಇರೋ ಕಾಗದ ಅಂದ್ನಲ್ಲ ಮನು, ಅದೆಲ್ಲೈತ್ರಿ?" ಎಂದರು. ಉಜ್ಜಿನಪ್ಪಣ್ಣ ಗೂಡಿನಿಂದ ತೆಗೆದುಕೊಟ್ಟರು. ಕೀಬೋರ್ಡಿನ ಮೇಲೆ ಹರಡಿ, ಅದರ ಮೇಲೆ ಎಲೆ ಅಡಿಕೆ, ಅಕ್ಕಿ, ನಿಂಬೆಹಣ್ಣು ಇಟ್ಟು ಆರತಿ ಮಾಡಿದರು. ಎಣ್ಣೆಯ ಜೊತೆಗೆ ಕುಂಕುಮವೂ ಸೇರಿತು. ನಾನು ನೋಡಿದೆ. ಪೂಜೆಯ ಹೊತ್ತಿನಲ್ಲಿ ಏನು ಹೇಳುವುದು?

ದಶಮಿ ಮುಗಿದು ಶುಕ್ರವಾರ ಅಂಗಡಿ ತೆರೆದೆವು. ಮೇನ್ ಹಾಕಿ ಕಂಪ್ಯೂಟರ್ ಆನ್ ಮಾಡಿದೆ. ನೀಲಿ ಪರದೆ ಬಂತು. ನಲವತ್ತೆಂಟು ಅಂಕಿ ಕೊಡು ಎಂದಿತು.

ಉಜ್ಜಿನಪ್ಪಣ್ಣ ಗೂಡಿನಲ್ಲಿ ಕೈಯಾಡಿಸಿದರು. ಫೋಟೋದ ಹಿಂದೆ ನೋಡಿದರು. ಆಮೇಲೆ ಮನೆಗೆ ಫೋನ್ ಮಾಡಿದರು. ಅವರ ಫೋನಿನ ದನಿ ಎದುರಿನ ಹೋಟೆಲಿಗೂ ಕೇಳಿಸುತ್ತದೆ.

"ಆ ಕಾಗದ ಎಲ್ಲಿಟ್ಟೀಲೇ?"

"ಯಾವ ಕಾಗದ್ರಿ? ಪೂಜಿದಾ? ಅದರಾಗ ಹೂವು, ಎಲಿ ಎಲ್ಲಾ ಕಟ್ಕೊಂಡು ನಿನ್ನೆ ಸಂಜಿಕ ಹೊಳಿಗೆ ಬಿಟ್ಟು ಬಂದೆ. ಪೂಜಿ ಮಾಡಿದ್ದು ಕಸಕ್ಕ ಹಾಕ್ತಾರೇನು?"

ಉಜ್ಜಿನಪ್ಪಣ್ಣ ಬೆಂಚಿನ ಮೇಲೆ ಕುಳಿತರು. ತಪ್ಪು ಯಾರದೆಂದು ಹೇಳಲು ಬರುವುದಿಲ್ಲ. ಪೂಜೆಯ ಹೂವನ್ನು ತುಳಿಯುವ ಜಾಗದಲ್ಲಿ ಯಾರೂ ಎಸೆಯುವುದಿಲ್ಲ, ಹರಿಯುವ ನೀರಿಗೇ ಬಿಡಬೇಕು. ನಮ್ಮ ಮನೆಯಲ್ಲೂ ಹಾಗೆಯೇ. ಕಂಪ್ಯೂಟರಿನ ಜೀವ ಕಂಪ್ಲಿ ಸೇತುವೆಯ ಕೆಳಗಿನಿಂದ ಹರಿದು ಹೋಗಿತ್ತು.

ನನ್ನ ಚೀಲ ಮೊಳೆಗೆ ತೂಗುತ್ತಿತ್ತು. ಎರಡು ಹೆಜ್ಜೆ. ತೆಗೆದು ಕೊಟ್ಟರೆ ಕೆಲಸ ಶುರು. ಕೊಟ್ಟರೆ ನನ್ನ ಕಡೆಯ ದಿನವೂ ಹೌದು. ನಾನು ಪೊರಕೆ ತೆಗೆದುಕೊಂಡು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

ಶನಿವಾರ ಹುಸೇನಪ್ಪ ಬಂದ. ಹೊಳೆಯಲ್ಲಿ ಹರಿಗೋಲು ಹಾಕುವವನು. ಹರಿಗೋಲಿನ ಲೈಸೆನ್ಸಿಗಾಗಿ ನಾಲ್ಕು ವರ್ಷದಿಂದ ನನ್ನ ಕೈಯಲ್ಲೇ ಅರ್ಜಿ ಬರೆಸುತ್ತಾನೆ. ಇಪ್ಪತ್ತಾರು ಅರ್ಜಿ ಆಗಿವೆ.

"ಸೋಮವಾರ ಹೊಸಪೇಟೆ ಆಫೀಸಿಗೆ ಕರ್ದಾರವ್ವ. ಬರ್ದಿದ್ದೆಲ್ಲಾ ತಗೊಂಬಾ ಅಂದಾರ. ಎಲ್ಲಾ ಒಂದೊಂದು ಪ್ರತಿ ತೆಗಿ."

"ನಿನ್ ಹತ್ರ ಪ್ರತಿ ಇಲ್ಲೇನೋ?" ಎಂದರು ಉಜ್ಜಿನಪ್ಪಣ್ಣ.

"ನನ್ ಹತ್ರ ಯಾಕ್ ಇಟ್ಕೊಳ್ಲಿ? ನಂದು ನೀರಾಗಿನ ಬಾಳೇವು. ಅದಕ್ಕ ಇಲ್ಲಿಟ್ಟೀನಿ." ಕಂಪ್ಯೂಟರಿನ ಮೇಲೆ ಕೈಯಿಟ್ಟ. ಆಮೇಲೆ ನೀಲಿ ಪರದೆ ನೋಡಿ, "ನಾಕು ಒಂದು ಆರು ಎರಡು ಹೊಡಿಯವ್ವ" ಎಂದ.

"ಅದಲ್ಲ ಕಾಕಾ, ಬ್ಯಾರೆ ಕೇಳ್ತೈತಿ."

"ನಂಬರು ಹೊಳ್ಯಾಗ ಹೋಗೇತಿ" ಎಂದರು ಉಜ್ಜಿನಪ್ಪಣ್ಣ. "ನೀನ ಹರಿಗೋಲು ಹಾಕಿ ಹುಡುಕು."

ಹುಸೇನಪ್ಪ ನಗಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ನನ್ನನ್ನೇ ನೋಡಿದ. "ಸಿಗ್ತಾವಲ್ಲವ್ವ?"

"ನೋಡೋಣ ಕಾಕಾ" ಎಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಭಾನುವಾರ ಮನೋಹರ್ ಬಂದವನೇ ಕಂಪ್ಯೂಟರಿನ ಡಬ್ಬಿ ಬಿಚ್ಚಿದ. ಒಳಗಿನಿಂದ ಗುಂಡಿಯಂಥ ಒಂದು ಸೆಲ್ ತೆಗೆದು ತೋರಿಸಿದ.

"ಇದು ಸತ್ತೈತಿ. ಎರಡು ದಿನ ಮೇನ್ ಆಫ್ ಮಾಡಿದ್ರಲ್ಲ, ನಾ ಮಾಡಿದ್ದ ಸೆಟ್ಟಿಂಗ್ ಎಲ್ಲಾ ಮರ್ತು ಕುಂತೈತಿ. ಡಿಸ್ಕು ಯಾರೋ ಕದ್ದು ಬ್ಯಾರೆ ಡಬ್ಬಿಗೆ ಹಾಕ್ಯಾರ ಅಂತ ತಿಳ್ಕೊಂಡು ಬಾಗ್ಲ ಹಾಕ್ಕೊಂಡೈತಿ."

ಹೊಸ ಸೆಲ್ ಹಾಕಿ ಮತ್ತೆ ಆ ಪುಟಕ್ಕೆ ಹೋಗಿ ಎಲ್ಲ ಮೊದಲಿನಂತೆ ಮಾಡಿದ. ನೀಲಿ ಪರದೆ ಹೋಗಲಿಲ್ಲ.

"ನಿನ್ ಫೋನಾಗ ಒಂದು ಫೋಟೋ ಹೊಡ್ಕೊಂಡಿಲ್ಲೇನೋ?"

"ಬ್ಯಾರೇದೋರ ಕೀ ನನ್ನ ಫೋನಾಗ ಇಟ್ಕಬಾರ್ದು ಮಾವ. ರೂಲು."

"ನಿನ್ ರೂಲಿಗಿಷ್ಟು ಬೆಂಕಿ ಹಾಕ."

"ಹೊಳಿಗೆ ಬಿಟ್ಟೋಳು ನಮ್ಮತ್ತಿ, ಬೈಸ್ಕೊಳ್ಳೋನು ನಾನು." ಮನೋಹರ್ ಜೇಬಿನಿಂದ ಪೆನ್‌ಡ್ರೈವ್ ತೆಗೆದ. "ಒಂದ ದಾರಿ. ಎಲ್ಲಾ ಅಳ್ಸಿ ಹೊಸಾದಾಗಿ ಹಾಕ್ತೀನಿ. ಹಳೇವು ಹೋದ್ವು ಅಂತ ತಿಳ್ಕೊ."

"ಎಲ್ಲಾ?"

"ಎಲ್ಲಾ."

ಉಜ್ಜಿನಪ್ಪಣ್ಣ ಗೋಡೆ ಕಡೆ ನೋಡುತ್ತ, "ಹಾಕು ಹಂಗಾರ" ಎಂದರು.

ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ನನ್ನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ತಪ್ಪನ್ನು ಹೊಳೆಯ ಮೇಲೆ ಹಾಕಿ ಎಲ್ಲರೂ ಸುಮ್ಮನಾಗುತ್ತಿದ್ದರು. ಹುಸೇನಪ್ಪ ಖಾಲಿ ಕೈಯಲ್ಲಿ ಹೊಸಪೇಟೆ ಬಸ್ಸು ಹತ್ತುತ್ತಿದ್ದ. ಮನೋಹರ್ ಪೆನ್‌ಡ್ರೈವ್ ಚುಚ್ಚಿದ.

"ಅಣ್ಣಾರೆ." ದನಿ ಹೊರಗೆ ಬಂತೋ ಇಲ್ಲವೋ ತಿಳಿಯಲಿಲ್ಲ. ಯಾರೂ ತಿರುಗಲಿಲ್ಲ. ಮೊಳೆಯಿಂದ ಚೀಲ ತೆಗೆದು, ನೋಟುಬುಕ್ ಬಿಚ್ಚಿ ಕೀಬೋರ್ಡಿನ ಮೇಲೆ ಇಟ್ಟೆ.

ಮನೋಹರ್ ಓದಿದ. ಗುಂಪು ಎಣಿಸಿದ. "ಎಂಟು ಅದಾವ" ಎಂದ. ಉಜ್ಜಿನಪ್ಪಣ್ಣ ಪುಸ್ತಕ ನೋಡಲಿಲ್ಲ, ನನ್ನನ್ನು ನೋಡಿದರು.

"ನೀನೂ ಬರ್ಕೊಂಡಿ?"

"ಎಣ್ಣಿ ತಿನ್ನಾಕತ್ತಿತ್ರಿ. ಅದಕ್ಕ."

"ನನಗ್ಯಾಕ್ ಹೇಳ್ಲಿಲ್ಲ?"

ಮನೋಹರ್ ಅಷ್ಟರಲ್ಲಿ ಒತ್ತಲು ಶುರು ಮಾಡಿದ್ದ. ಒಂದು, ಎರಡು, ಮೂರು, ನಾಲ್ಕನೇ ಗುಂಪು ಒಪ್ಪಿತು. ಐದನೆಯದಕ್ಕೆ ತಪ್ಪು ಎಂದಿತು.

"ಹೋತು" ಎಂದ.

"ಮೂರು ಅಲ್ಲ, ಎಂಟು ಹಾಕ್ರಿ. ಮ್ಯಾಲೆ ಸಣ್ಣಕ ಬರ್ದೀನಿ ನೋಡ್ರಿ."

ಎಂಟು ಹಾಕಿದ. ಒಪ್ಪಿತು. ಉಳಿದ ಮೂರೂ ಒಪ್ಪಿದವು. ನೀಲಿ ಹೋಯಿತು. ಸ್ಕೂಟರಿನ ನಂಬರು ಹಾಕಿದ ಮೇಲೆ ನನ್ನ ಫೈಲುಗಳೆಲ್ಲ ಇದ್ದ ಜಾಗದಲ್ಲೇ ಕಂಡವು. ಹುಸೇನಪ್ಪನ ಹೆಸರಿನ ಫೋಲ್ಡರ್ ಎರಡನೇ ಸಾಲಿನಲ್ಲಿತ್ತು.

"ಬಂತಲೇ!" ಎಂದು ಉಜ್ಜಿನಪ್ಪಣ್ಣ ಮನೋಹರನ ಬೆನ್ನಿಗೆ ಹೊಡೆದರು.

ಮನೋಹರ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. "ಮಾವ, ಈಗ ಈ ಕೀ ಬದ್ಲಿ ಮಾಡ್ಬೇಕು. ಬ್ಯಾರೇದೋರಿಗೆ ಗೊತ್ತಾಗೇತಿ."

ಬೇರೆಯವರು ಎಂದರೆ ನಾನು. ದಿನಕ್ಕೆ ಒಂಬತ್ತು ತಾಸು ಅದರ ಮುಂದೆ ಕೂರುವವಳು. ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಬೀಗದ ನಿಯಮ ಹಾಗೇ ಇರುತ್ತದೆ. ಅದಕ್ಕೇ ಜಾಸ್ತಿ ಉರಿಯಿತು. ಎಲ್ಲಿ ಒತ್ತಿ ಹಳೆಯ ಕೀಲಿ ತೆಗೆದ, ಎಲ್ಲಿ ಒತ್ತಿ ಹೊಸದನ್ನು ಹುಟ್ಟಿಸಿದ, ಎಲ್ಲಿಂದ ಪ್ರಿಂಟ್ ಕೊಟ್ಟ, ಎಲ್ಲವನ್ನೂ ನಿಂತು ನೋಡಿದೆ. ನೋಡಬೇಡ ಎಂದು ಯಾರೂ ಹೇಳಲಿಲ್ಲ.

"ಆ ಹಾಳಿ ಹರಿದು ಹಾಕಮ್ಮ" ಎಂದ ಮನೋಹರ್.

ಹರಿದೆ. ಹಿಂದುಗಡೆ ಹೂವಿನ ಭಾಗಗಳ ಚಿತ್ರವಿತ್ತು, ಬಣ್ಣ ತುಂಬಿದ್ದೆ, ಮೇಷ್ಟ್ರು ಕೆಂಪು ಶಾಯಿಯಲ್ಲಿ ಸಹಿ ಹಾಕಿದ್ದರು. ಅದೂ ಹರಿಯಿತು.

ಹೊಸ ಕಾಗದವನ್ನು ಉಜ್ಜಿನಪ್ಪಣ್ಣ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಪಿನ್ನನ್ನೂ ಬದಲಿಸಿ, ಇನ್ನು ಮೇಲೆ ತಾವೇ ಒತ್ತುವುದಾಗಿ ಹೇಳಿದರು.

"ಅಣ್ಣಾರೆ, ನಾಳಿ ಬರ್ಲ್ಯಾ?" ಎಂದು ಕೇಳಿದೆ.

"ಹುಸೇನಪ್ಪನ ಪ್ರತಿ ತೆಗೀಬೇಕಲ್ಲ, ಬಾ. ಮುಂದಿಂದು ನೋಡಾಣ. ಈ ಕುರ್ಚಿಗೆ ಸೌಜನ್ಯಾನ್ನ ಕೇಳೀನಿ." ಸೌಜನ್ಯ ಅವರ ಸೊಸೆ. ಬಿ.ಕಾಂ. ಓದಿದ್ದಾಳೆ.

ಸೋಮವಾರ ಬೆಳಿಗ್ಗೆ ಇಪ್ಪತ್ತಾರು ಅರ್ಜಿಗಳ ಪ್ರತಿ ತೆಗೆದು ಪಿನ್ ಹೊಡೆದು ಹುಸೇನಪ್ಪನಿಗೆ ಕೊಟ್ಟೆ. ಅವನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹೊಟ್ಟೆಗೆ ಕಟ್ಟಿಕೊಂಡು ಬಸ್ಸಿಗೆ ಹೋದ. ಆಮೇಲಿನ ವಾರ ಹೇಗೆ ಕಳೆಯಿತೆಂದರೆ, ಕರೆಂಟ್ ಹೋಗಿ ಬಂದ ಪ್ರತಿ ಸಲ ನಾನು ಎದ್ದು ಹೊರಗೆ ಹೋಗಿ ಉಜ್ಜಿನಪ್ಪಣ್ಣನನ್ನು ಹುಡುಕಬೇಕು. ಎರಡು ದಿನ ಬಂದು ಒತ್ತಿದರು. ನಾನು ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಮೂರನೇ ದಿನ ಎದುರಿನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದವರು ಏಳಲಿಲ್ಲ. ಅಲ್ಲಿಂದಲೇ, ನಡುವೆ ಟ್ರ್ಯಾಕ್ಟರ್ ಹೋಗುತ್ತಿದ್ದರೂ, "ಐದು ಐದು ಸೊನ್ನಿ ಏಳು!" ಎಂದು ಕೂಗಿದರು. ಮಾರನೆಯ ದಿನ ಬೆಂಚಿನವರು ನನಗೆ ಅದನ್ನು ಹೇಳಿಕೊಡುತ್ತಿದ್ದರು.

ಸೌಜನ್ಯ ಬರುತ್ತಾಳೋ ಇಲ್ಲವೋ ಯಾರೂ ಹೇಳಲಿಲ್ಲ. ನಾನು ದಿನಾ ಸಂಜೆ ಚೀಲ ತೆಗೆದುಕೊಳ್ಳುವಾಗ ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳಿ, ಒಮ್ಮೆ ನೋಡಿ ಹೋಗುತ್ತಿದ್ದೆ.

ಮತ್ತೊಂದು ಸೋಮವಾರ, ಅಕ್ಟೋಬರ್ ಹದಿಮೂರು, ಮಧ್ಯಾಹ್ನ ಮರುಳಸಿದ್ದಮ್ಮನ ಫೋನ್ ಬಂತು. ಈ ಸಲವೂ ಅವರ ದನಿ ನನಗೆ ಕೇಳಿಸಿತು.

"ಏನ್ರಿ, ಬಿಳೀ ಅಂಗಿ ಜೇಬಿನಾಗ ಏನೋ ಕಾಗದ ಇತ್ತು ನೋಡ್ರಿ. ಒಗ್ಯಾಕ ಹಾಕಿದ್ದೆ. ಮುದ್ದಿ ಆಗೇತಿ. ಕೆಲಸದ್ದಾ?"

ಉಜ್ಜಿನಪ್ಪಣ್ಣ ಫೋನ್ ಕೆಳಗಿಟ್ಟರು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಒಳಗೆ ಬಂದು ಝೆರಾಕ್ಸ್ ಯಂತ್ರಕ್ಕೆ ಒರಗಿ ನಿಂತರು.

"ಎರ್ರೆಮ್ಮ. ನೀ ಬರ್ಕೊಂಡಿಲ್ಲೇನು?"

"ಇಲ್ರಿ. ಬ್ಯಾಡ ಅಂದಿದ್ರಲ್ರಿ."

"ಹೇಳಿದ ಮಾತು ಕೇಳಬಾರ್ದ ಹೊತ್ತಿನಾಗ ಕೇಳ್ತಿ ನೋಡು" ಎಂದು ಬೈದರು. ಆಮೇಲೆ ದನಿ ಇಳಿಸಿ, "ಈಗೇನ್ ಮಾಡೋದು? ಮತ್ತ ಕರೆಂಟ್ ಗಿರೆಂಟ್ ಹೋಗಿ ನೀಲಿ ಬಂದ್ರ?"

"ಕಂಪ್ಯೂಟರ್ ತೆರೆದೈತಲ್ರಿ. ತೆರೆದಿದ್ದಾಗ ಇನ್ನೊಂದು ಪ್ರಿಂಟ್ ತೆಗೀಬೌದು."

"ನಿಂಗ ಬರ್ತೈತಾ?"

"ಅವತ್ತು ನೋಡಿದ್ದೆ."

"ತೆಗಿ ಹಂಗಾರ. ಜಲ್ದಿ ತೆಗಿ."

ನಾನು ಒಂದೊಂದೇ ಜಾಗ ನೆನಪು ಮಾಡಿಕೊಂಡು ಒತ್ತಿದೆ. ಎರಡು ಕಡೆ ದಾರಿ ತಪ್ಪಿತು, ಹಿಂದಕ್ಕೆ ಬಂದೆ. ಪ್ರಿಂಟರ್ ಇಲ್ಲ ಎಂದಿತು, ಆರಿಸಿ ಹಚ್ಚಿದೆ. ಕಾಗದ ಹೊರಗೆ ಬಂದು ತಟ್ಟೆಯಲ್ಲಿ ಬಿತ್ತು.

ಉಜ್ಜಿನಪ್ಪಣ್ಣ ಅದನ್ನು ಮುಟ್ಟಲಿಲ್ಲ. ಜೇಬು ನೋಡಿಕೊಂಡರು. ಗೂಡು ನೋಡಿದರು. ಅಲ್ಲಿ ದೀಪ ಉರಿಯುತ್ತಿತ್ತು.

"ನೀನ ಇಟ್ಕೊ. ನನ್ ಕೈಯಾಗ ಇದು ನಿಲ್ಲಂಗಿಲ್ಲ. ಮನುಗ ಹೇಳಬ್ಯಾಡ."

ನಾನು ಕೈ ಚಾಚಲಿಲ್ಲ. ಇಟ್ಟುಕೊಂಡರೆ ಮುಂದೆ ಒಂದು ಭಾನುವಾರ ಅವನು ಬಂದು ನನ್ನ ಚೀಲದಲ್ಲಿ ನೋಡುತ್ತಾನೆ. ಆಗ ಇವರು ಗೋಡೆ ಕಡೆ ನೋಡುತ್ತಾರೆ.

"ಬ್ಯಾಡ್ರಿ."

"ಯಾಕ?"

"ನೀವ ಕೊಟ್ಟೀರಿ ಅಂತ ಅವ್ರಿಗೆ ಹೇಳ್ರಿ. ಹೇಳಿದ್ರ ಇಟ್ಕೊಂತೀನಿ. ಕುರ್ಚಿ ನಂದ ಅಂತನೂ ಹೇಳಿಬಿಡ್ರಿ."

ಇಷ್ಟು ಉದ್ದದ ಮಾತನ್ನು ನಾನು ಅವರಿಗೆ ಎಂದೂ ಆಡಿರಲಿಲ್ಲ.

"ಆತು, ಭಾನುವಾರ ಬಂದಾಗ ಹೇಳೋಣು."

ನಾನು ತಿರುಗಿ ಕುಳಿತು, ಅರ್ಧಕ್ಕೆ ನಿಂತಿದ್ದ ಮದುವೆ ಕಾರ್ಡಿನ ಕೆಲಸ ಮುಂದುವರಿಸಿದೆ. ಕಾಗದ ಪ್ರಿಂಟರಿನ ತಟ್ಟೆಯಲ್ಲೇ ಬಿದ್ದಿತ್ತು. ಫ್ಯಾನಿನ ಗಾಳಿಗೆ ಅದರ ತುದಿ ಎದ್ದು ಎದ್ದು ಬೀಳುತ್ತಿತ್ತು. ಉಜ್ಜಿನಪ್ಪಣ್ಣ ಅದನ್ನು ನೋಡುತ್ತಿದ್ದರು. ಹೊರಗೆ ಹೋದರು, ಚಹಾ ಕುಡಿದರು, ಬಂದರು. ಗಿರಾಕಿಯೊಬ್ಬ ಆಧಾರ್ ಝೆರಾಕ್ಸ್ ಮಾಡಿಸಲು ಬಂದಾಗ ಇವರು ಓಡಿ ಬಂದು ತಟ್ಟೆಯ ಮುಂದೆ ಅಡ್ಡ ನಿಂತರು. ಗಿರಾಕಿ ಹೋದ ಮೇಲೆ, "ತಗೊಳ್ಳಲೇ ಅದನ್ನ, ಯಾರಾರ ನೋಡಿದ್ರ?" ಎಂದರು.

ನಾನು ವರನ ಹೆಸರು ಟೈಪ್ ಮಾಡಿದೆ. ವಧುವಿನ ಹೆಸರು ಟೈಪ್ ಮಾಡಿದೆ.

ಅವರು ಉಸ್ಸೆಂದು ಉಸಿರು ಬಿಟ್ಟು ಫೋನ್ ತೆಗೆದರು. ಮನೋಹರನ ನಂಬರು ಒತ್ತಿ, ಕಿವಿಗಿಟ್ಟುಕೊಂಡು, ರಸ್ತೆಯ ಕಡೆಗೆ ಎರಡು ಹೆಜ್ಜೆ ಹಾಕಿದರು.

"ಅಣ್ಣಾರೆ" ಎಂದೆ. ಈ ಸಲ ತಿರುಗಿದರು. "ಇಲ್ಲೇ ನಿಂತು ಮಾತಾಡ್ರಿ."